ಶ್ರೀ ಗಫ್ ಹವಾಮಾನದ ಬಗ್ಗೆ ಮಾತನಾಡಿದರು

ಪಿಸ್ಗಾ ಕ್ರೀಕ್, ಆಲ್ಬರ್ಟಾ
14 ಮೇ 2018

ಪ್ರಿಯ ಕ್ಲಿಯೋರಾ,

ಅಕ್ಷರ ಯಾರದೆಂದು ಲಕೋಟೆ ನೋಡಿಯೇ ನಿನಗೆ ಗೊತ್ತಾಗಿರುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಸುಮ್ಮನಿದ್ದರೆ ಆ ಸುಮ್ಮನಿರುವುದನ್ನು ನಾನು ಕೇಳಿಸಿಕೊಳ್ಳಬೇಕು. ಕಾಗದದಲ್ಲಿ ಆ ತೊಂದರೆಯಿಲ್ಲ.

ವಿನ್ನಿಪೆಗ್‌ನ ನಿನ್ನ ಚರ್ಚಿನವರು ವಿಳಾಸ ಕೊಟ್ಟರು. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತಳಾಗಿದ್ದೀಯಂತೆ, ಒಂದೇ ಒಂದು ಅಪಘಾತವೂ ಇಲ್ಲವಂತೆ. ನೀನು ನಮ್ಮ ಟ್ರ್ಯಾಕ್ಟರನ್ನು ಕೋಳಿಗೂಡಿಗೆ ನುಗ್ಗಿಸಿದ್ದನ್ನು ನಾನು ಅವರಿಗೆ ಹೇಳಲು ಹೋಗಲಿಲ್ಲ.

ಇಲ್ಲಿ ಹಿಮ ಕರಗಿದೆ. ಚರ್ಚಿನ ಉತ್ತರದ ಗೋಡೆಯಲ್ಲಿ ದಿಮ್ಮಿಗಳ ನಡುವೆ ಮೆತ್ತಿದ್ದ ಮಣ್ಣು ಈ ವರ್ಷವೂ ಉದುರಿದೆ. ರಾಸ್ಕೊ ಟೇಟಮ್ ಈಗ ನಮ್ಮ ಪರಂಪರೆ ಸಂಘದ ಅಧ್ಯಕ್ಷ. ಹೌದು, ಶಾಲೆಯಲ್ಲಿ ನಿನ್ನ ಜಡೆಯನ್ನು ಮೇಜಿನ ಕಾಲಿಗೆ ಕಟ್ಟಿದ ಅದೇ ರಾಸ್ಕೊ. ಆಗಸ್ಟ್ ಸಮಾಗಮಕ್ಕೆ ಸರ್ಕಾರದ ಫಲಕ ಬರುತ್ತದೆ. ಅದರಲ್ಲಿ ಮೊದಲ ವಾಕ್ಯ, ದಕ್ಷಿಣದಿಂದ ವಲಸೆ ಬಂದ ನಮ್ಮ ಅಜ್ಜಂದಿರ ಎದೆಯನ್ನು ಗಡಿಯ ವೈದ್ಯರು ಬಡಿದು ನೋಡಿ, ಕಪ್ಪು ಜನ ಈ ಚಳಿ ತಡೆಯಲಾರರು ಎಂದು ಹೇಳಿದ್ದು. ಎರಡನೆಯದು, 1911ರ ಆ ಮೊದಲ ಚಳಿಗಾಲದಲ್ಲಿ ತೀರಿಕೊಂಡ ನಾಲ್ಕು ಮಕ್ಕಳು ಹುಲ್ಲುಗಾವಲಿನ ನಾಲ್ಕು ಬಿಳಿ ಕಲ್ಲುಗಳ ಕೆಳಗೆ ಮಲಗಿದ್ದಾರೆ ಎಂಬುದು.

ಅದಕ್ಕಾಗಿ ವಿಶ್ವವಿದ್ಯಾಲಯದಿಂದ ಒಬ್ಬ ಹೆಂಗಸು ನೆಲದೊಳಗನ್ನು ನೋಡುವ ಯಂತ್ರ ತಂದಿದ್ದಳು. ಮಗುವಿನ ಗಾಡಿಯ ಹಾಗೆ ಅದನ್ನು ತಳ್ಳಿಕೊಂಡು ಎರಡು ದಿನ ಕಲ್ಲುಗಳ ಸುತ್ತ ಓಡಾಡಿದಳು. ಒಳ್ಳೆಯ ಹೆಂಗಸು. ಎರಡು ತುಂಡು ಸಿಹಿಗೆಣಸಿನ ಪೈ ತಿಂದಳು.

ನಿನ್ನಿಂದ ಒಂದು ವಿಷಯ ಕೇಳಬೇಕಿತ್ತು. ನಿಮ್ಮಪ್ಪ ಹಳೆಯ ಆಟದ ಮೈದಾನ ಎಲ್ಲಿತ್ತು ಎಂದು ಯಾವಾಗಲಾದರೂ ಹೇಳಿದ್ದುಂಟೇ? ದಾಖಲೆಗಾಗಿ ಅಷ್ಟೆ.

ಇತಿ,
ವರ್ನೆಲ್ ಪ್ರೂಯಿಟ್
ಕಾರ್ಯದರ್ಶಿ

(ಕಾರ್ಯದರ್ಶಿ ಎಂದು ಕೈ ತಾನಾಗಿಯೇ ಬರೆದುಬಿಟ್ಟಿತು. ಹೊಡೆದುಹಾಕಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ಬಿಟ್ಟಿದ್ದೇನೆ.)


ವಿನ್ನಿಪೆಗ್
25 ಮೇ 2018

ವರ್ನೆಲ್,

ಹೇಳಿದ್ದುಂಟು. ನೀನು ಅಲ್ಲೇ ಇದ್ದೆ. ಕೈಯಲ್ಲಿ ಪೆನ್ನೂ ಇತ್ತು.

ನಿನಗೆ ಮರೆತಿದ್ದರೆ ನೆನಪಿಸುತ್ತೇನೆ, ದಾಖಲೆಗಾಗಿ ಅಷ್ಟೆ. ಅಕ್ಟೋಬರ್ 1981, ಸಂಘದ ಮೊದಲ ಸಭೆ. ಆ ಬೇಸಿಗೆಯಲ್ಲಿ ಪೊದೆ ಕಡಿಯುವಾಗ ನಾಲ್ಕು ಕಲ್ಲು ಸಿಕ್ಕಿದ್ದವು, ಅವುಗಳ ಮೇಲೆ ಹಳೆಯ ಸುಣ್ಣದ ಗುರುತಿತ್ತು. ನಿಮ್ಮಮ್ಮ ಎದ್ದು ನಿಂತು, ಇವು ಆ ಮಕ್ಕಳ ಸಮಾಧಿಗಳು, ಎರಡನೆಯದು ನನ್ನ ಅಕ್ಕ ಲೂಲಾಳದು, ನಾನು ಐದು ವರ್ಷದವಳಿದ್ದಾಗ ನಮ್ಮಮ್ಮ ಅದರ ಮೇಲೆ ಕೂತು ಅಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ ಎಂದರು. ಸಭೆಯೆಲ್ಲ ಅತ್ತಿತು. ಆಗ ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮಪ್ಪ ಟೋಪಿ ತೆಗೆದು ಎದ್ದರು.

"ಆರ್ಡೆಲಾ, ಬೇಜಾರು ಮಾಡ್ಕೋಬೇಡಮ್ಮ. ಅವು ಬೇಸ್‌ಬಾಲ್ ಬೇಸುಗಳು. ಆ ಕೊನೇ ಕಲ್ಲಿನ ಹಿಂದೆ ಮೂರು ವರ್ಷ ಕುಕ್ಕುರುಗಾಲಲ್ಲಿ ಕೂತು ಚೆಂಡು ಹಿಡಿದಿದೀನಿ ನಾನು."

ಎಲ್ಲರೂ ನಕ್ಕರು. ತಾನು ಹೊಡೆದ ಚೆಂಡು ಪಕ್ಕದ ಪ್ರಾಂತ್ಯದಲ್ಲಿ ಬಿತ್ತೆಂದು ಹೇಳಿಕೊಳ್ಳುತ್ತಿದ್ದ ಮನುಷ್ಯ ತಾನೆ. ನಿಮ್ಮಮ್ಮ ನಗಲಿಲ್ಲ. "ಹೋಸಿಯಾ, ಬೆಳಿಗ್ಗೇನೇ ಏರಿಸ್ಕೊಂಡು ಬಂದಿದೀಯಾ?" ಎಂದರು. ಆಮೇಲೆ ನಿನ್ನ ಕಡೆ ನೋಡಿದರು. ನೀನು ಬರೆದೆ.

ನೀನು ಬರೆದದ್ದನ್ನು ಮುಂದಿನ ಸಭೆಯಲ್ಲಿ ಓದಿದರು: "ಶ್ರೀ ಗಫ್ ಹವಾಮಾನದ ಬಗ್ಗೆ ಮಾತನಾಡಿದರು."

ನಾಲ್ಕು ಮನೆತನಗಳಿಗೆ ನಾಲ್ಕು ಕಲ್ಲು ಹಂಚಿದಿರಿ. ಪ್ರತಿ ಜೂನ್‌ನಲ್ಲಿ ನಿಮ್ಮ ನಿಮ್ಮ ಕಲ್ಲಿಗೆ ಸುಣ್ಣ ಬಳಿದು ಹೂ ಇಟ್ಟಿರಿ. ಗಫ್‌ಗಳಿಗೆ ಕಲ್ಲಿಲ್ಲ. ಅಪ್ಪ ಸಾಯುವವರೆಗೂ, ಐದು ವರ್ಷ, ಆ ಸಂಘದ ಬಾಗಿಲು ತುಳಿಯಲಿಲ್ಲ. ಅಂಗಡಿಯಲ್ಲಿ ಯಾರಾದರೂ ಮಾತಾಡಿಸಿದರೆ, "ಮಳೆ ಬರೋ ಹಾಗಿದೆ" ಎಂದಷ್ಟೇ ಹೇಳುತ್ತಿದ್ದರು. ಅದು ತಮಾಷೆಯೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಯಂತ್ರ ಏನನ್ನು ನೋಡಿತು?

ಕ್ಲಿಯೋರಾ


ಪಿಸ್ಗಾ ಕ್ರೀಕ್
4 ಜೂನ್ 2018

ಪ್ರಿಯ ಕ್ಲಿಯೋರಾ,

ಏನನ್ನೂ ನೋಡಲಿಲ್ಲ.

ಮಣ್ಣು, ಬೇರು, ಒಂದು ಲಾಳ. ಮನುಷ್ಯರಿಗಾಗಿ ಅಗೆದ ನೆಲ ಬೇರೆ ಥರ ಕಾಣುತ್ತದಂತೆ. ಅಲ್ಲಿ ಯಾರೂ ಎಂದೂ ಅಗೆದಿಲ್ಲ. ಆಮೇಲೆ ಆ ಹೆಂಗಸು, ಸುಮ್ಮನೆ ತನ್ನ ನಕ್ಷೆಗಾಗಿ, ಪಟ್ಟಿ ಹಿಡಿದು ಕಲ್ಲಿನಿಂದ ಕಲ್ಲಿಗೆ ಅಳೆದಳು. ತೊಂಬತ್ತು ಅಡಿ. ನಾಲ್ಕು ಕಡೆಯೂ ತೊಂಬತ್ತು ಅಡಿ. ಚೌಕ. "ಇದೇನೋ ವಿಚಿತ್ರ ಅಳತೆ," ಎಂದಳು. ಬೇಸ್‌ಬಾಲ್ ಗೊತ್ತಿಲ್ಲದ ಹೆಂಗಸು, ಬೇಸಿನಿಂದ ಬೇಸಿಗೆ ಸರಿಯಾಗಿ ಅಷ್ಟೇ ದೂರವೆಂದು ತಿಳಿಯದು. ರಾಸ್ಕೊ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೂವತ್ತೇಳು ವರ್ಷ ನಾವು ಯಾರೂ ಅಳೆದಿರಲಿಲ್ಲ. ಸಮಾಧಿಗಳ ನಡುವಿನ ದೂರವನ್ನು ಯಾರು ಅಳೆಯುತ್ತಾರೆ? ಆ ಸುಣ್ಣವನ್ನು ನಾವು ಭಕ್ತಿ ಎಂದುಕೊಂಡೆವು. ಓಡಿ ಬಂದು ಮುಟ್ಟುವವನಿಗೆ ಬೇಸು ಕಾಣಲಿ ಎಂದು ಬಳಿದದ್ದು ಅದು.

ಮೊನ್ನೆ ಶನಿವಾರ ಕಲ್ಲು ಬಳಿಯುವ ದಿನ. ವಿಷಯ ಗೊತ್ತಿದ್ದವರು ನಾವಿಬ್ಬರೇ. ನಾನು ಎರಡನೆಯ ಕಲ್ಲಿನ ಮುಂದೆ ಮಂಡಿಯೂರಿ, ಅಮ್ಮ ಹೇಳಿಕೊಟ್ಟ ಹಾಗೆ ಅಂಚಿನಿಂದ ಶುರುಮಾಡಿ ಬಳಿದೆ. ಕೈಗೆ ಅಭ್ಯಾಸವಾಗಿದೆ. ಆ ಕಡೆ ರಾಸ್ಕೊ ಹೋಮ್ ಬೇಸಿಗೆ, ಅಂದರೆ ಆಟಗಾರ ಸುತ್ತು ಮುಗಿಸಿ ಮರಳುವ ಕಲ್ಲಿಗೆ, ಬಳಿಯುತ್ತಿದ್ದ. ಅವನ ಬೆನ್ನು ಕುಲುಕುತ್ತಿತ್ತು. ಅಳುತ್ತಿದ್ದಾನೆಂದು ಎಡ್ಮಂಟನ್‌ನಿಂದ ಬಂದಿದ್ದವರೊಬ್ಬರು ಅವನಿಗೆ ಕರವಸ್ತ್ರ ಕೊಟ್ಟರು. ಅವನು ನಗುತ್ತಿದ್ದ.

ನಾನು ನಗಲಿಲ್ಲ. ಅಂದು ಅಮ್ಮ ನನ್ನತ್ತ ನೋಡಿದ್ದು ನಿಜ. ಆದರೆ ಹವಾಮಾನ ಅನ್ನುವ ಪದವನ್ನು ಅವಳು ಹೇಳಿಕೊಟ್ಟದ್ದಲ್ಲ. ಅದು ನನ್ನದೇ. ಏನೂ ಬರೆಯದೆ ಬಿಡಬಹುದಿತ್ತು. ಮೂವತ್ತನಾಲ್ಕು ವರ್ಷದವಳಿಗೆ ಅದು ಜಾಣತನದ ವಾಕ್ಯವಾಗಿ ಕಂಡಿತು.

ಫಲಕ ಇನ್ನೂ ಎರಕಕ್ಕೆ ಹೋಗಿಲ್ಲ. ಜುಲೈ ಏಳರಂದು ಸಭೆ. ಹೇಳದೆ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಅದರಲ್ಲಿ ನನಗೆ ಅನುಭವವಿದೆ.

ವರ್ನೆಲ್


ವಿನ್ನಿಪೆಗ್
16 ಜೂನ್ 2018

ವರ್ನೆಲ್,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತು ಓದಿದೆ. ತೊಂಬತ್ತು ಅಡಿ ಅನ್ನುವಲ್ಲಿಗೆ ಬಂದಾಗ ಕೂತೆ. ರಾಸ್ಕೊ ಬೇಸಿನ ಕಲ್ಲಿಗೆ ಸುಣ್ಣ ಬಳಿದ ವಿಷಯಕ್ಕೆ ಬಂದಾಗ ಎಷ್ಟು ನಕ್ಕೆನೆಂದರೆ ಕೆಳಗಿನ ಮನೆಯವಳು ಮೇಲೆ ಬಂದು ಬಾಗಿಲು ತಟ್ಟಿದಳು. ಅವಳಿಗೆ ವಿವರಿಸಲು ಹೋದೆ. ಬರಲಿಲ್ಲ. ಇದನ್ನು ಕೇಳಿ ನಗಬೇಕಾದವರು ಎಲ್ಲರೂ ಸತ್ತಿದ್ದಾರೆ, ನಿನ್ನೊಬ್ಬಳನ್ನು ಬಿಟ್ಟು. ಆ ಸಿಟ್ಟಿಗೆ ಇನ್ನೂ ಸ್ವಲ್ಪ ನಕ್ಕೆ.

ಅಪ್ಪ ಹೇಳುತ್ತಿದ್ದುದನ್ನು ಪೂರ್ತಿ ಹೇಳುತ್ತೇನೆ. ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಆಟ. ಹಿಟ್ಟಿನ ಚೀಲಕ್ಕೆ ಮರದ ಹೊಟ್ಟು ತುಂಬಿ ಕಲ್ಲಿನ ಮೇಲೆ ಕಟ್ಟುತ್ತಿದ್ದರು, ಅದೇ ಬೇಸು. 1921ರಲ್ಲಿ ಬೀವರ್ ಪ್ರಾಣಿಗಳು ಹಳ್ಳಕ್ಕೆ ಕಟ್ಟೆ ಕಟ್ಟಿ ಅರ್ಧ ಮೈದಾನ ಮುಳುಗಿತು. ಶಾಲೆಯ ಹತ್ತಿರ ಹೊಸ ಮೈದಾನ ಮಾಡಿಕೊಂಡರು, ಇಲ್ಲಿ ಪೊದೆ ಬೆಳೆಯಿತು. ಹಿಂದಿನ ವರ್ಷದ ಕೊನೆಯ ಆಟ ರೈಲ್ವೆ ಊರಿನ ಬಿಳಿಯರ ತಂಡದ ಮೇಲೆ. ಎರಡನೆಯ ಬೇಸಿನಲ್ಲಿ ನಿಂತಿದ್ದವರು ನಿಮ್ಮಜ್ಜ. ಅಂಗೈಗೆ ಬಂದ ಚೆಂಡನ್ನು ಬಿಟ್ಟರು. ಸೋತರು. ಎಲ್ಲರೂ ಮನೆಗೆ ಹೋದರೂ ನಿಮ್ಮಜ್ಜಿ ಟೆನ್ನಿ ಆ ಕಲ್ಲಿನ ಮೇಲೆ ಕೂತು, "ಪಕ್ಷಿ ಮೊಟ್ಟೆಯಂಗೆ ಮೆತ್ತಗೆ ಕೈಗೆ ಬಂದಿತ್ತಲ್ಲೋ! ಕೂಸು ಕೂಡ ಹಿಡೀತಿತ್ತಲ್ಲೋ!" ಎಂದು ಗೋಳೋ ಎಂದು ಅತ್ತರಂತೆ. ಲಂಗ ಹಿಡಿದು ಪಕ್ಕದಲ್ಲಿ ನಿಂತಿದ್ದ ಸಣ್ಣ ಹುಡುಗಿ ನಿಮ್ಮಮ್ಮ ಇರಬೇಕು.

ನನಗೆ ಕಲ್ಲು ಬೇಡ, ಕ್ಷಮೆಯೂ ಬೇಡ. ಆ ನಡಾವಳಿ ಪುಸ್ತಕದಲ್ಲಿ, 1981ರ ಅದೇ ಪುಟದಲ್ಲಿ, ನಮ್ಮಪ್ಪ ಏನು ಹೇಳಿದರೋ ಅದು ಇರಬೇಕು. ಅಷ್ಟೆ.

ನಾನು ಬರುವುದಿಲ್ಲ. ಅದನ್ನು ಕೇಳಲೂ ಬೇಡ.

ಕ್ಲಿಯೋರಾ


ಪಿಸ್ಗಾ ಕ್ರೀಕ್
9 ಜುಲೈ 2018

ಪ್ರಿಯ ಕ್ಲಿಯೋರಾ,

ಕೇಳುವುದಿಲ್ಲ. ಸಭೆಯಲ್ಲಿ ಏನಾಯಿತೆಂದು ಮಾತ್ರ ಹೇಳುತ್ತೇನೆ.

ಇಪ್ಪತ್ತಮೂರು ಜನ ಬಂದಿದ್ದರು. ನಾನು ಎದ್ದು ಯಂತ್ರದ ವಿಷಯ, ಅಳತೆಯ ವಿಷಯ, ನಿಮ್ಮಪ್ಪನ ವಿಷಯ ಓದಿ ಹೇಳಿದೆ. ನನ್ನ ಜಾಣ ವಾಕ್ಯವನ್ನೂ ಓದಿದೆ. ಮುಗಿದ ಮೇಲೆ ಯೂಡೋರಾ ಅತ್ತೆ (ತೊಂಬತ್ತಮೂರು, ಹಲ್ಲು ಇನ್ನೂ ಸ್ವಂತದ್ದು) ಕೋಲು ಕುಟ್ಟಿದರು.

"ರಾಸ್ಕೊ, ಅಂದ್ರೆ ಮೂವತ್ತೇಳು ವರ್ಷ ನೀನು ಹೋಮ್ ಬೇಸಿಗೆ ಹೂ ಇಟ್ಟಿದೀಯ?"

"ಇಟ್ಟಿದೀನಿ ಅತ್ತೆ."

"ಆಡ್ತಿದ್ದಾಗ ಒಂದು ದಿನ ಆದ್ರೂ ಅಲ್ಲಿ ಕಾಲಿಟ್ಟಿದ್ಯೇನೋ? ಮೊದಲ್ನೇ ಬೇಸೇ ದಾಟ್ತಿರ್ಲಿಲ್ಲ ನೀನು!"

ನಗು ಅಲ್ಲಿಂದ ಶುರುವಾಯಿತು. ಹಿಂದಿನ ಬೆಂಚಿನಿಂದ ಯಾರೋ, "ನಮ್ಮ ಕಲ್ಲು ಮೂರನೇ ಬೇಸಂತೆ, ಯಾರಾದ್ರೂ ಕಣ್ತಪ್ಪಿಸಿ ಓಡಿ ಕದ್ದಾರು, ನೋಡ್ಕೊಳ್ಳಿ," ಎಂದರು. ರಾಸ್ಕೊ ಮರದ ಸುತ್ತಿಗೆಯಿಂದ ಮೇಜು ಬಡಿದು ಬಡಿದು ಅದರ ತಲೆ ಕಳಚಿ ಹೋಯಿತು.

ಆಮೇಲೆ ಅತ್ತೆ ಮತ್ತೆ ಕೋಲು ಕುಟ್ಟಿದರು. "ಸರಿ, ನಕ್ಕಿದ್ದಾಯ್ತು. ಹಂಗಾದ್ರೆ ಆ ಮಕ್ಳು ಎಲ್ಲಿ?"

ಅದನ್ನೇ ಯಂತ್ರದ ಆ ಹೆಂಗಸನ್ನು ನಾನು ಕೇಳಿದ್ದೆ. ಯಂತ್ರ ತರುತ್ತೇನೆ, ಎಲ್ಲಿ ಹುಡುಕಲಿ ಎಂದು ಅವಳು ನನ್ನನ್ನೇ ಕೇಳಿದಳು. ನೂರ ಅರವತ್ತು ಎಕರೆಯ ಹೊಲಗಳು, ಹೆಪ್ಪುಗಟ್ಟಿದ ನೆಲ, ಗುದ್ದಲಿ ಇಳಿಯದ ಜನವರಿ. ಫಲಕದ ಎರಡನೆಯ ವಾಕ್ಯವನ್ನು ಬದಲಾಯಿಸಿದೆವು. ನಾಲ್ಕು ಹೆಸರುಗಳಿರುತ್ತವೆ. "ನಾಲ್ಕು ಬಿಳಿ ಕಲ್ಲುಗಳ ಕೆಳಗೆ" ಎನ್ನುವ ಬದಲು "ಈ ಮಣ್ಣಿನಲ್ಲಿ ಎಲ್ಲೋ" ಎಂದಿರುತ್ತದೆ.

ಅಜ್ಜಿ ಚೆಂಡಿಗಾಗಿ ಅತ್ತಳು ಎಂದು ನೀನು ಬರೆದೆ. ಇರಬಹುದು. ಕೂಸು ಕೂಡ ಹಿಡಿಯುತ್ತಿತ್ತು ಎಂದಳಲ್ಲ. ಆ ಮಾತನ್ನು ಮೂರು ನಾಲ್ಕು ಸಲ ಓದಿದೆ. ಒಂದು ವಿಷಯಕ್ಕೆಂದು ಕೂತವರು ಇನ್ನೊಂದಕ್ಕೆ ಅಳುವುದುಂಟು. ಐದು ವರ್ಷದ ಅಮ್ಮನಿಗೆ ಅತ್ತದ್ದು ಮಾತ್ರ ಕಂಡಿತು, ಅದರಲ್ಲಿ ಅವಳು ಸುಳ್ಳು ಹೇಳಲಿಲ್ಲ.

ಇನ್ನು ನಿನ್ನ ಪುಟ. ತಿದ್ದಬಹುದು ಎಂದು ಇಪ್ಪತ್ತಮೂರೂ ಕೈ ಎದ್ದವು. ಆದರೆ ಅಮ್ಮ ಬರೆದ ನಿಯಮ ಒಂದಿದೆ: ಹಳೆಯ ನಡಾವಳಿಯಲ್ಲಿ ಬಿಟ್ಟುಹೋದ ಮಾತನ್ನು ಸೇರಿಸಬೇಕಾದರೆ, ಅದನ್ನು ಅಂದು ಕಿವಿಯಾರೆ ಕೇಳಿದ ಇಬ್ಬರು ಸಭೆಯಲ್ಲಿ ನಿಂತು ಹೇಳಿ ಸಹಿ ಹಾಕಬೇಕು. ನಾನೊಬ್ಬಳು. ರಾಸ್ಕೊ ಆ ವರ್ಷ ಎಡ್ಮಂಟನ್‌ನಲ್ಲಿದ್ದ. ಯೂಡೋರಾ ಅತ್ತೆಯನ್ನು ಕೇಳಿದೆ.

"ನಾನು ಒಳಗೆ ಪೈ ಕುಯ್ತಿದ್ದೆ ಕಣೇ. ನಗು ಕೇಳ್ತು, ಮಾತು ಕೇಳ್ಲಿಲ್ಲ. ಕೇಳಿದೀನಿ ಅಂತ ಬೇಕಾದ್ರೆ ಹೇಳ್ತೀನಿ."

"ಬೇಡ ಅತ್ತೆ," ಎಂದೆ. ಆ ಪುಸ್ತಕದಲ್ಲಿ ಅಂಥದ್ದು ಒಂದು ಸಾಕು.

ಅಂದು ಕೇಳಿದವರಲ್ಲಿ ಈ ಊರಿನಲ್ಲಿ ಬೇರೆ ಯಾರೂ ಉಳಿದಿಲ್ಲ. ಮುಂದಿನ ಸಭೆ ಸಮಾಗಮದ ದಿನ, ಆಗಸ್ಟ್ ನಾಲ್ಕು, ಬೆಳಿಗ್ಗೆ ಹತ್ತಕ್ಕೆ. ಊಟದ ನಂತರ ಹಳೆಯ ಮೈದಾನದಲ್ಲಿ ಆಟವಿದೆ, ಹುಲ್ಲು ಕತ್ತರಿಸಿದ್ದಾರೆ.

ನಾನು ಏನನ್ನೂ ಕೇಳಿಲ್ಲ ಎಂಬುದನ್ನು ಗಮನಿಸು.

ವರ್ನೆಲ್


ವಿನ್ನಿಪೆಗ್
20 ಜುಲೈ 2018

ವರ್ನೆಲ್,

ನಿಮ್ಮಮ್ಮ ಸತ್ತ ಮೇಲೂ ನನ್ನನ್ನು ಬಗ್ಗಿಸುವ ದಾರಿ ಕಂಡುಕೊಂಡಿದ್ದಾರೆ.

ಆಗಸ್ಟ್ ಮೂರರ ಸಂಜೆ ಬಸ್ಸಿನಲ್ಲಿ ಬರುತ್ತೇನೆ, ಐದರಂದು ಹೊರಡುತ್ತೇನೆ. ಬೇರೆಯವರು ಓಡಿಸುವ ಬಸ್ಸಿನಲ್ಲಿ ಹದಿನಾರು ಗಂಟೆ ಕೂರುವುದು ನನಗೆ ಎಂಥ ಶಿಕ್ಷೆ ಎಂದು ನಿನಗೆ ತಿಳಿಯದು. ಉಳಿದುಕೊಳ್ಳಲು ಯೂಡೋರಾ ಅತ್ತೆಯ ಮನೆ ಸಾಕು. ಅಪ್ಪನ ಚೆಂಡು ಹಿಡಿಯುವ ಕೈಗವಸು ತರುತ್ತೇನೆ. ತೋರಿಸುವುದಕ್ಕೆ ಮಾತ್ರ. ಸಂಘದ ಗಾಜಿನ ಪೆಟ್ಟಿಗೆಯ ಕಡೆ ರಾಸ್ಕೊ ಕಣ್ಣು ಹಾಯಿಸಿದರೂ ವಾಪಸ್ ಚೀಲಕ್ಕೆ ಹಾಕುತ್ತೇನೆ.

ಅಪ್ಪನ ಶವಸಂಸ್ಕಾರದ ದಿನ ನೀನು ತಂದ ಪೈಯನ್ನು ಎಲ್ಲರೆದುರು ನಾನು ಮುಟ್ಟಲಿಲ್ಲ. ಅದನ್ನು ನೀನು ಜಗಲಿಯಲ್ಲೇ ಇಟ್ಟು ಹೋದೆ. ರಾತ್ರಿ ನಾಯಿ ತಿಂದಿತು ಎಂದು ಎಲ್ಲರಿಗೂ ಹೇಳಿದೆ. ನಮಗೆ ಆಗ ನಾಯಿ ಇರಲಿಲ್ಲ.

ಕ್ಲಿಯೋರಾ


ಬಸ್ಸಿನಲ್ಲಿ, ಸಾಸ್ಕಟೂನ್ ದಾಟಿ
5 ಆಗಸ್ಟ್ 2018

ವರ್ನೆಲ್,

ಕಾರ್ಡಿನಲ್ಲಿ ಜಾಗ ಕಡಿಮೆ. ಒಂದೇ ವಿಷಯ. ನನ್ನ ಕಾಲು ಹೋಮ್ ಕಲ್ಲನ್ನು ಮುಟ್ಟಿತ್ತು. ನಿನ್ನ ಚೆಂಡು ಆಮೇಲೆ ಬಂತು. ಯೂಡೋರಾ ಅತ್ತೆಗೆ ಎಡಗಣ್ಣಿನಲ್ಲಿ ಪೊರೆ ಇದೆ, ಅವರನ್ನು ಅಂಪೈರ್ ಮಾಡಿದವರು ಯಾರು? ಇದು ಪುಸ್ತಕದಲ್ಲಿ ಸರಿಯಾಗಿ ಬರಬೇಕು.

ಕ್ಲಿಯೋ

(ಚಾಲಕ ತಿರುವಿನಲ್ಲಿ ಬ್ರೇಕ್ ಹಾಕುವುದನ್ನು ಕಲಿತೇ ಇಲ್ಲ.)


ಪಿಸ್ಗಾ ಕ್ರೀಕ್
2 ಸೆಪ್ಟೆಂಬರ್ 2018

ಪ್ರಿಯ ಕ್ಲಿಯೋ,

ನಿನ್ನ ಕಾರ್ಡನ್ನು ಸಂಘದ ಸೂಚನಾ ಹಲಗೆಗೆ ಚುಚ್ಚಿದ್ದಾರೆ. ಊರು ಎರಡು ಭಾಗವಾಗಿದೆ. ಹೋಮ್ ಕಲ್ಲಿನ ಹಿಂದೆ ಚೆಂಡು ಹಿಡಿಯಲು ನಿಂತಿದ್ದ ರಾಸ್ಕೊ ಔಟ್ ಎನ್ನುತ್ತಾನೆ, ಆದರೆ ಚೆಂಡು ಬಂದಾಗ ಅವನು ಕಣ್ಣು ಮುಚ್ಚಿದ್ದ ಎಂದು ಹಲವರು ಹೇಳುತ್ತಾರೆ. ಎಪ್ಪತ್ತೊಂದು ವರ್ಷದ ಹೆಂಗಸು ಮೂರನೆಯ ಬೇಸಿನಿಂದ ಬಸ್ಸಿನ ಹಾಗೆ ನುಗ್ಗಿ ಬಂದರೆ ಯಾರಾದರೂ ಕಣ್ಣು ಮುಚ್ಚುತ್ತಾರೆ. ನಾನು ಎರಡನೆಯ ಬೇಸಿನಿಂದ ಎಸೆದ ಚೆಂಡು ಅಲ್ಲಿಯವರೆಗೆ ತಲುಪಿತಲ್ಲ ಎಂಬ ಆಶ್ಚರ್ಯದಲ್ಲಿ ನಾನೂ ಸರಿಯಾಗಿ ನೋಡಲಿಲ್ಲ.

ನೀನು ಇದ್ದಾಗ ಹೇಳದೆ ಉಳಿದದ್ದು ಒಂದಿದೆ. ಆಟದ ನಡುವೆ ಎಡ್ಮಂಟನ್‌ನ ಒಬ್ಬ ಹುಡುಗಿ ಓಡಿ ಬಂದು ನನ್ನ ಕಲ್ಲಿನ ಮೇಲೆ ನಿಂತಳು. ಕಾಲಡಿ ನೋಡಿಕೊಂಡು, "ಅಜ್ಜಿ, ಇಲ್ಲಿ ಯಾರೂ ಇಲ್ವಾ?" ಎಂದಳು. "ಯಾರೂ ಇಲ್ಲ. ಗಟ್ಟಿಯಾಗಿ ನಿಂತ್ಕೋ," ಎಂದೆ. ಆದರೂ ಅವಳು ಒಂದು ಕಾಲನ್ನು ಹಗುರವಾಗಿ ಎತ್ತಿಕೊಂಡೇ ನಿಂತಿದ್ದಳು. ನಾನು ಲೂಲಾಳ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಂಡೆ. ಅವಳು ಇದ್ದಿದ್ದರೆ ಚೆಂಡು ಹಿಡಿಯುತ್ತಿದ್ದಳೋ ಏನೋ.

ಮುಂದಿನ ಜೂನ್‌ನ ಮೊದಲ ಶನಿವಾರ ಕಲ್ಲಿಗೆ ಸುಣ್ಣ ಬಳಿಯಲೇಬೇಕು, ಬೇಸಾದರೂ ಸಮಾಧಿಯಾದರೂ. ರಾಸ್ಕೊನ ಮಂಡಿ ಬಗ್ಗುವುದಿಲ್ಲವಂತೆ. ಹೋಮ್ ಕಲ್ಲಿನ ಕುಂಚವನ್ನು ತೊಳೆದು, ಕಾಗದ ಸುತ್ತಿ, ಅದರ ಮೇಲೆ "ಗಫ್" ಎಂದು ಬರೆದು ಬೀರುವಿನಲ್ಲಿಟ್ಟಿದ್ದಾನೆ. ನಿನ್ನ ಹತ್ತಿರ ಹೇಳಬೇಡ ಎಂದಿದ್ದಾನೆ.

ನೀನು ಕೇಳಿದಂತೆ ನಡಾವಳಿಯ ನಕಲು ಕೆಳಗಿದೆ. ಇಪ್ಪತ್ತಮೂರು ಜನ ಒಪ್ಪಿದ್ದಾರೆ. ಇನ್ನು ತಿದ್ದಬೇಕಾದರೆ ನಿಯಮ ನಿನಗೆ ಗೊತ್ತು: ಕಣ್ಣಾರೆ ಕಂಡ ಇಬ್ಬರು ಬೇಕು.

*ಪಿಸ್ಗಾ ಕ್ರೀಕ್ ಕಪ್ಪು ವಲಸಿಗರ ಪರಂಪರೆ ಸಂಘ. 4 ಆಗಸ್ಟ್ 2018.*

*1. 1981ರ ಅಕ್ಟೋಬರ್ ಸಭೆಯ ನಡಾವಳಿಗೆ ಈ ಕೆಳಗಿನದನ್ನು ಸೇರಿಸಲಾಯಿತು: ಶ್ರೀ ಹೋಸಿಯಾ ಗಫ್ ಅವರು ನಾಲ್ಕು ಕಲ್ಲುಗಳು ಬೇಸ್‌ಬಾಲ್ ಮೈದಾನದ ಬೇಸುಗಳೆಂದೂ, ಕೊನೆಯ ಕಲ್ಲಿನ ಹಿಂದೆ ತಾವು ಮೂರು ವರ್ಷ ಚೆಂಡು ಹಿಡಿದಿದ್ದಾಗಿಯೂ ಸಭೆಗೆ ತಿಳಿಸಿದರು. ಅವರು ಹೇಳಿದ್ದು ನಿಜವಾಗಿತ್ತು. ಕೇಳಿದವರ ಸಹಿ: ಕ್ಲಿಯೋರಾ ಗಫ್, ವರ್ನೆಲ್ ಪ್ರೂಯಿಟ್.*

*2. ಊಟದ ನಂತರ ಹಳೆಯ ಮೈದಾನದಲ್ಲಿ ತೊಂಬತ್ತೇಳು ವರ್ಷಗಳ ಮೇಲೆ ಆಟ ನಡೆಯಿತು.*

*3. ಆಟದ ಕೊನೆಯಲ್ಲಿ ಶ್ರೀಮತಿ ಕ್ಲಿಯೋರಾ ಗಫ್ ಅವರು ಅಂಪೈರ್ ಯೂಡೋರಾ ಅವರನ್ನು ಉದ್ದೇಶಿಸಿ, ಹೋಮ್ ಕಲ್ಲಿನ ಮೇಲೆ ನಿಂತುಕೊಂಡು, ಸುಮಾರು ಹತ್ತು ನಿಮಿಷ ಹವಾಮಾನದ ಬಗ್ಗೆ ಮಾತನಾಡಿದರು.*

ಇತಿ,
ವರ್ನೆಲ್
ಕಾರ್ಯದರ್ಶಿ